ಬೆಂಕಿ ಬಿದ್ದ ಬಡಾವಣೆಯಲ್ಲಿ ಒಂದು ದಿನ

ಊರಿನಿಂದ ನೆಂಟರು ಬಂದರೆ ನಾವು ತೋರಿಸುವ ಸಿಂಗಪುರವೆಂದರೆ ಮರೀನಾ ಬೇ, ಸೆಂಟೋಸಾ, ಲಿಟ್ಲ್ ಇಂಡಿಯಾ. ಟಿಯೊಂಗ್ ಬಾರು, ಬುಕಿಟ್ ಹೋ ಸ್ವೀ ಎಂಬ ಹಳೆಯ ಬಡಾವಣೆಗಳ ಹೆಸರು ಅವರ ಕಿವಿಗೇ ಬಿದ್ದಿರುವುದಿಲ್ಲ. ಕಳೆದ ಭಾನುವಾರ ಅಲ್ಲೆಲ್ಲ ನನ್ನನ್ನು ಸುತ್ತಾಡಿಸಿದವರು ನಮ್ಮ ಮಹಡಿಯಲ್ಲೇ ಇರುವ ಚೀನೀ ಆಂಟಿ. ಎಪ್ಪತ್ತು ದಾಟಿರುವ ಅವರು ಹುಟ್ಟಿ ಬೆಳೆದ ಜಾಗವದು.

ಮಾರುಕಟ್ಟೆಯ ಮಹಡಿಯಲ್ಲಿ ಕಾಫಿ ಕುಡಿದು, ಬಿಸಿಲೇರುವ ಮುನ್ನವೇ ಟಿಯೊಂಗ್ ಬಾರುವಿನ ಓಣಿಗಳಿಗೆ ಇಳಿದೆವು. 1936ರಿಂದ ಇಲ್ಲಿ ಏಳತೊಡಗಿದ ಬಿಳಿಯ ಕಟ್ಟಡಗಳ ಮೂಲೆಗಳು ಹಡಗಿನ ಮೈಯಂತೆ ದುಂಡಗಿವೆ, ಹಿತ್ತಲ ಕಡೆಗೆ ಸುರುಳಿ ಮೆಟ್ಟಿಲುಗಳಿವೆ. ಯುದ್ಧಕ್ಕೆ ಮುಂಚಿನ 20 ಬ್ಲಾಕುಗಳನ್ನು ಸಂರಕ್ಷಿತವೆಂದು 2003ರಲ್ಲಿ ಘೋಷಿಸಿದ್ದರಿಂದ ಅವು ಇನ್ನೂ ಉಳಿದಿವೆ. ಆ ಹಿತ್ತಲ ಓಣಿಗಳಲ್ಲಿ ನಡೆಯುತ್ತಿದ್ದಾಗ ಮಲ್ಲೇಶ್ವರದ ಮನೆಗಳ ಹಿಂಬದಿಯ ಕನ್ಸರ್ವೆನ್ಸಿ ಓಣಿಗಳು ನನಗೆ ಬಹಳವಾಗಿ ನೆನಪಾದವು.

ಅಲ್ಲಿಂದ ಬುಕಿಟ್ ಹೋ ಸ್ವೀಗೆ ನಡೆದೇ ಹೋಗಬಹುದು. ಈಗ ಅಲ್ಲಿ ಎತ್ತರದ ಸರ್ಕಾರಿ ವಸತಿ ಕಟ್ಟಡಗಳೇ ತುಂಬಿವೆ. ಮರ ಮತ್ತು ತಾಳೆಗರಿಯ ಮನೆಗಳು ಒಂದಕ್ಕೊಂದು ತಾಗಿಕೊಂಡಿದ್ದ ಕಾಂಪೊಂಗ್, ಅಂದರೆ ಹಳ್ಳಿಯಂಥ ಕೇರಿ, ಇಲ್ಲಿತ್ತು ಎಂಬುದಕ್ಕೆ ನನ್ನ ಕಣ್ಣಿಗೆ ಒಂದು ಗುರುತೂ ಕಾಣಲಿಲ್ಲ. 1961ರ ಮೇ 25ರಂದು, ಹಬ್ಬದ ರಜೆಯ ದಿನ, ಹೊತ್ತಿಕೊಂಡ ಬೆಂಕಿಯಿಂದ ಸುಮಾರು 16,000 ಮಂದಿ ಮನೆ ಕಳೆದುಕೊಂಡರು. ಆಂಟಿ ಆಗ ಪುಟ್ಟ ಹುಡುಗಿ. ಅಮ್ಮ ಒಂದು ಕೈಯಲ್ಲಿ ತಮ್ಮನನ್ನೂ ಇನ್ನೊಂದರಲ್ಲಿ ಹೊಲಿಗೆ ಯಂತ್ರದ ತಲೆಯನ್ನೂ ಹಿಡಿದು ಓಡಿದ್ದು ಅವರಿಗೆ ಇಂದಿಗೂ ನೆನಪಿದೆ. ಕೆಲ ಕಾಲ ಶಾಲೆಯೊಂದರಲ್ಲಿ ತಂಗಿದ್ದು, ವರ್ಷ ತುಂಬುವುದರೊಳಗೆ ಅದೇ ನೆಲದ ಮೇಲೆ ಎದ್ದ ಹೊಸ ಕಟ್ಟಡವೊಂದಕ್ಕೆ ಅವರ ಕುಟುಂಬ ಬಂದು ಸೇರಿತು. ಈ ಮನೆಗಳನ್ನು ಕಟ್ಟಿದ ಸರ್ಕಾರಿ ವಸತಿ ಮಂಡಳಿ ಹುಟ್ಟಿ ಆಗಿನ್ನೂ ಎರಡು ವರ್ಷವಷ್ಟೇ ಆಗಿತ್ತು ಎಂಬುದನ್ನು ನೆನೆದರೆ ಆ ಕೆಲಸದ ದೊಡ್ಡತನ ತಿಳಿಯುತ್ತದೆ.

ನಾನು ಅದನ್ನೇ ಹೊಗಳುತ್ತಿದ್ದಾಗ ಆಂಟಿ ನಡುವೆ ತಡೆದು, "ಸರ್ಕಾರ ಮನೆ ಕೊಟ್ಟಿತು. ಪಕ್ಕದ ಮನೆಯವರನ್ನು ಕೊಡಲಿಲ್ಲ" ಎಂದರು. ಅವರ ಅಮ್ಮನಿಗೆ ಹೆರಿಗೆ ಮಾಡಿಸಿದ್ದ ಪಕ್ಕದ ಮನೆಯ ಅಜ್ಜಿ ಯಾವ ಕಟ್ಟಡಕ್ಕೆ ಹೋದರೆಂಬುದೇ ಇವರಿಗೆ ತಿಳಿಯಲಿಲ್ಲವಂತೆ.

ಹಾಗಾದರೆ ಹಳೆಯ ಕಾಂಪೊಂಗೇ ಚೆನ್ನಾಗಿತ್ತೇ ಎಂದು ಕೇಳಿದ್ದಕ್ಕೆ ಅವರು ಇಲ್ಲವೆಂದು ತಲೆಯಾಡಿಸಿದರು. "ನೀನು ಬೀದಿ ನಲ್ಲಿಯಿಂದ ಡಬ್ಬದಲ್ಲಿ ನೀರು ಹೊತ್ತಿಲ್ಲ, ಅದಕ್ಕೇ ಹಾಗೆ ಕೇಳುತ್ತೀಯ." ಹೊತ್ತಿದ್ದೇನೆ ಎಂದೆ. ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಏಳು ಮನೆಗೆ ಒಂದೇ ನಲ್ಲಿ. ಕೊಡಗಳ ಸಾಲು ಬೆಳಗಿನ ಜಾವಕ್ಕೇ ಶುರುವಾಗುತ್ತಿತ್ತು, ಜಗಳವೂ ಅಲ್ಲೇ, ಮಗುವಿಗೆ ಜ್ವರವೆಂದರೆ ಹತ್ತು ಕೈ ನೆರವಿಗೆ ಬರುತ್ತಿದ್ದುದೂ ಅಲ್ಲೇ. ಇದನ್ನೆಲ್ಲ ಹೇಳಿದಾಗ ಆಂಟಿ ನನ್ನ ಕೈ ಹಿಡಿದುಕೊಂಡರು. ಹೊಸ ಮನೆಗೆ ಬಂದ ಮೊದಲ ರಾತ್ರಿ ತಮ್ಮ ಅಮ್ಮ ನಲ್ಲಿಯನ್ನು ತಿರುಗಿಸಿ ನೀರು ಬಿಡುವುದು, ನಿಲ್ಲಿಸುವುದು, ಮತ್ತೆ ಬಿಡುವುದು ಹೀಗೇ ಮಾಡುತ್ತಿದ್ದರೆಂದು ಅವರು ಹೇಳಿದರು.

ಬೆಂಗಳೂರಿಗೂ ಇಂಥ ಕೆಲಸ ಹೊಸದಲ್ಲ. 1898ರ ಪ್ಲೇಗಿನಲ್ಲಿ ಪೇಟೆ ತತ್ತರಿಸಿದ ಮೇಲೆ ಗಾಳಿ ಬೆಳಕಿಗೆ ಜಾಗ ಬಿಟ್ಟು ಮಲ್ಲೇಶ್ವರವನ್ನೂ ಬಸವನಗುಡಿಯನ್ನೂ ರೂಪಿಸಿದ ಊರದು. ಅದೇ ಊರಿನಲ್ಲಿ, 2013ರ ಜನವರಿಯ ಚಳಿಯಲ್ಲಿ, ಈಜಿಪುರದ ಬಡವರ ವಸತಿಯ ಶೆಡ್ಡುಗಳನ್ನು ಕೆಡವಿ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಹೊರಹಾಕಲಾಯಿತು. ಹಲವರು ಪಾತ್ರೆ ಪಗಡಿಗಳೊಂದಿಗೆ ಅಲ್ಲಿಯ ಫುಟ್‌ಪಾತಿನಲ್ಲೇ ಉಳಿದರು. ನಾನು ಎಲ್ಲಿಗೆ ಬಂದರೂ ಆ ಸುದ್ದಿ ನನ್ನನ್ನು ಬಿಟ್ಟಿಲ್ಲ.

ಬಸ್ಸಿಗೆ ಕಾಯುತ್ತಿದ್ದಾಗ ಇದನ್ನೂ ಆಂಟಿಗೆ ಹೇಳಿದೆ. ಅವರು ಗಮನವಿಟ್ಟು ಕೇಳಿ, "ಅವರಿಗೆ ವರ್ಷದೊಳಗೆ ಮನೆ ಸಿಕ್ಕಿತೇ?" ಎಂದರು. ಇಲ್ಲವೆಂದೆ. "ಯಾಕೆ, ನಿಮ್ಮಲ್ಲಿ ಜಾಗವಿಲ್ಲವೇ?" ಎಂದು ಕೇಳಿದರು. ಈ ಅಂಗೈಯಗಲದ ದ್ವೀಪದಲ್ಲಿ ನಿಂತು ನಾನು, ನಮ್ಮಲ್ಲಿ ಜಾಗಕ್ಕೆ ಕೊರತೆಯಿಲ್ಲ, ಅದನ್ನು ಬಡವರಿಗೆಂದು ಉಳಿಸಿಡುವ ಮನಸ್ಸು ಆಳುವವರಿಗೆ ಬರಲಿಲ್ಲ ಎಂದು ಉತ್ತರಿಸಿದೆ.