ನೀನು ಕೈ ಬೀಸಲೇ ಇಲ್ಲ ಅಮ್ಮ

ಕಳೆದ ಶನಿವಾರ ಇಲ್ಲಿ ಅಮೆರಿಕದ ಅಯೋವಾದಲ್ಲಿ, ಫುಟ್‌ಬಾಲ್ ಪಂದ್ಯ ನೋಡಿ ಕಿನ್ನಿಕ್ ಸ್ಟೇಡಿಯಂನಿಂದ ವಾಪಸ್ ಬರುವಾಗ ಮಗಳು ಕಾರಿನ ಹಿಂದಿನ ಸೀಟಿನಿಂದ ಹೇಳಿದಳು, "ಅಮ್ಮಾ, ನೀನು ಕೈ ಬೀಸಲೇ ಇಲ್ಲ. ಫೋನ್ ಹಿಡ್ಕೊಂಡಿದ್ದೆ."

"ಅಜ್ಜಿಗೆ ವಿಡಿಯೋ ಕಳಿಸಬೇಕಿತ್ತಲ್ಲೇ" ಅಂದೆ. ಎಂಟು ವರ್ಷದ ಹುಡುಗಿ, ಉತ್ತರ ಕೊಡದೆ ಕಿಟಕಿ ಕಡೆ ತಿರುಗಿ ಕೂತಳು.

ಈ ಅಮೆರಿಕನ್ ಫುಟ್‌ಬಾಲ್ ಇಷ್ಟು ವರ್ಷವಾದರೂ ನನ್ನ ತಲೆಗೆ ಹತ್ತಿಲ್ಲ. ಹೆಸರಿಗೆ ಫುಟ್‌ಬಾಲ್, ಆಡುವುದೆಲ್ಲ ಕೈಯಲ್ಲಿ. ಎರಡು ಹೆಜ್ಜೆ ಓಡುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಮತ್ತೆ ನಿಂತು ಮಾತಾಡುತ್ತಾರೆ. ನಾನು ಇಲ್ಲಿನ ತಂಡದ ಕಪ್ಪು ಹಳದಿ ಟೀ ಶರ್ಟ್ ಹಾಕಿಕೊಂಡು ಹೋಗುವುದು ಮೊದಲ ಕ್ವಾರ್ಟರ್, ಅಂದರೆ ಆಟದ ಮೊದಲ ಕಾಲುಭಾಗ, ಮುಗಿದಾಗ ಬರುವ ಆ ಒಂದು ನಿಮಿಷಕ್ಕೆ.

ಸ್ಟೇಡಿಯಂ ಪಕ್ಕದಲ್ಲೇ ಅಯೋವಾ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆ ಇದೆ. ಅದರ 12ನೇ ಮಹಡಿಯ ದೊಡ್ಡ ಗಾಜುಗಳಿಂದ ಮೈದಾನ ಕಾಣುತ್ತದೆ. ಪಂದ್ಯದ ದಿನ ಕಾಯಿಲೆಯ ಮಕ್ಕಳು ಅಪ್ಪ ಅಮ್ಮನ ಜೊತೆ ಅಲ್ಲಿ ಬಂದು ಸೇರುತ್ತಾರೆ. ಕೆಲವರದು ಕ್ಯಾನ್ಸರ್, ಕೆಲವರದು ಹೃದಯದ ತೊಂದರೆ. ಎಲ್ಲರೂ ಆ ಮಕ್ಕಳ ಕಡೆ ತಿರುಗಿ ಕೈ ಬೀಸಿದರೆ ಹೇಗೆ ಅಂತ ಅಭಿಮಾನಿಯೊಬ್ಬರು ಫೇಸ್‌ಬುಕ್‌ನಲ್ಲಿ ಬರೆದಿದ್ದರು. 2017ರ ಸೆಪ್ಟೆಂಬರ್ 2ರಂದು, ವಯೋಮಿಂಗ್ ವಿಶ್ವವಿದ್ಯಾಲಯದ ತಂಡದ ವಿರುದ್ಧದ ಪಂದ್ಯದಲ್ಲಿ ಜನ ಹಾಗೇ ಮಾಡಿದರು. ಅಲ್ಲಿಂದ ಇದು ನಿಂತಿಲ್ಲ.

ಸುಮಾರು 70,000 ಜನ ಆಸ್ಪತ್ರೆಯ ಕಡೆ ಮುಖ ಮಾಡಿ, ಕತ್ತೆತ್ತಿ ನಿಲ್ಲುತ್ತಾರೆ. ಆಟಗಾರರು, ಕೋಚ್, ಅಂಪೈರ್, ಎದುರಾಳಿ ತಂಡದವರು ಕೂಡ. ರಾತ್ರಿ ಪಂದ್ಯವಾದರೆ ಫೋನಿನ ಲೈಟುಗಳು. ಮೇಲೆ ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ, ಪುಟ್ಟ ಪುಟ್ಟ ಕೈಗಳು ಆಡುವುದಷ್ಟೇ ಕಾಣುತ್ತದೆ. ಅವರಿಗೂ ನಮ್ಮ ಮುಖ ಕಾಣುವುದಿಲ್ಲ. ಕೈ ಬೀಸಿದ್ದು ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಇಷ್ಟವಾಗಿದ್ದೇ ಅದು.

ಯಾಕೆಂದರೆ ನಮ್ಮ ಕಡೆ ಗೊತ್ತಾಗಲೇಬೇಕು, ಅಲ್ವಾ? ನಾಯಕರ ಹುಟ್ಟುಹಬ್ಬ, ಆಸ್ಪತ್ರೆಯಲ್ಲಿ ರೋಗಿಗಳಿಗೆ ಹಣ್ಣು ಬ್ರೆಡ್ ವಿತರಣೆ, ಮರುದಿನ ಪೇಪರ್‌ನಲ್ಲಿ ಫೋಟೋ. ಒಂದು ಬ್ರೆಡ್ ಪ್ಯಾಕೆಟ್ಟಿಗೆ ಹದಿನೈದು ಕೈ.

1993ರಲ್ಲಿ ಅಂಥದೊಂದು ಫೋಟೋದಲ್ಲಿ ನನ್ನ ತಮ್ಮನೂ ಇದ್ದ. ಅವನಿಗಾಗ ಏಳು ವರ್ಷ. ಕಿಡ್ನಿ ತೊಂದರೆಯಿಂದ ಮುಖ ಊದಿಕೊಂಡು ಕಣ್ಣೇ ಬಿಡಲಾಗುತ್ತಿರಲಿಲ್ಲ. ಊರಿನ ಟೂರ್ನಮೆಂಟ್ ಗೆದ್ದ ಕ್ರಿಕೆಟ್ ತಂಡ, ಮುಂದೆ ಒಬ್ಬ ಮುಖಂಡರು. ಕಪ್ ಕೂಡ ತಂದಿದ್ದರು. ತಮ್ಮ ಅದನ್ನು ಮುಟ್ಟಲು ಕೈ ಚಾಚಿದ. ಅಷ್ಟರಲ್ಲಿ ಫ್ಲ್ಯಾಶ್ ಹೊಡೆದಿತ್ತು, ಕಪ್ ಮುಂದಿನ ಮಂಚಕ್ಕೆ ಹೋಗಿತ್ತು. ಅವನಿಗೆ ಉಪ್ಪು ಕೊಡಬಾರದು ಅಂದಿದ್ದರು. ಬ್ರೆಡ್ಡಿನಲ್ಲೂ ಉಪ್ಪು ಇರುತ್ತದೆ ಅಂತ ಅಮ್ಮ ಆ ಪ್ಯಾಕೆಟ್ಟನ್ನು ಪಕ್ಕದವರಿಗೆ ಕೊಟ್ಟುಬಿಟ್ಟಳು. ಈ ಕಥೆಯನ್ನು ನಾನು ಇಲ್ಲಿನ ಗೆಳತಿಯರಿಗೆ ಎಷ್ಟು ಸಲ ಹೇಳಿ, ಊರನ್ನು ಬೈದಿದ್ದೇನೋ. ಈಗ ನೋಡಿದರೆ ನನ್ನ ಫೋನಿನಲ್ಲೂ ಒಂದು ನಿಮಿಷದ ವಿಡಿಯೋ ಇದೆ. ಕೊನೆಯಲ್ಲಿ ಕ್ಯಾಮರಾ ನನ್ನ ಕಡೆಯೇ ತಿರುಗಿದೆ, ನಗುತ್ತಿದ್ದೇನೆ.

ಅಜ್ಜಿಗೆ ಕಳಿಸಲಿಲ್ಲ. ರಾತ್ರಿ ಮಲಗುವ ಮುಂಚೆ ತಮ್ಮನಿಗೆ ಫೋನ್ ಮಾಡಿದೆ. ದಾವಣಗೆರೆಯಲ್ಲಿ ಆಗಲೇ ಭಾನುವಾರ ಬೆಳಿಗ್ಗೆ, ಅಂಗಡಿ ಬಾಗಿಲು ತೆಗೆಯುತ್ತಿದ್ದ. ಅವತ್ತಿನ ಕಪ್, ಬ್ರೆಡ್ ನೆನಪಿದೆಯೇನೋ ಅಂತ ಕೇಳಿದೆ.

"ಬ್ರೆಡ್ಡಾ? ಇಲ್ಲಕ್ಕ. ವಾರ್ಡಿನ ಕಿಟಕಿ ನೆನಪಿದೆ. ಹಿಂದುಗಡೆ ಖಾಲಿ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡ್ತಿದ್ರು. ಒಬ್ಬ ಫೋರ್ ಹೊಡೆದು ನನ್ನ ಕಡೆ ಬ್ಯಾಟ್ ಎತ್ತಿದ್ದ."

"ನಿನ್ನ ಕಡೆಗೇನಾ?"

"ಹಿಂದೆ ಅವನ ಫ್ರೆಂಡ್ಸು ಯಾರಾದ್ರೂ ಇದ್ರೇನೋ" ಅಂದ. ಶಟರ್ ಮೇಲೆತ್ತಿದ ಸದ್ದು ಕೇಳಿಸಿತು. "ನಾನಂತೂ ಕೈ ಬೀಸಿದ್ದೆ."