ಶಾಸನ ಸಂಪುಟಕ್ಕೆ ಓಸಿಆರ್: ಕೊಳ್ಳುವುದೋ, ಪಳಗಿಸುವುದೋ

ತುಮಕೂರು, 12 ಜನವರಿ 2025, ಭಾನುವಾರ

ಮೇಜಿನ ಮೇಲಿರುವುದು ನಮ್ಮ ಜಿಲ್ಲೆಯ ಶಾಸನಗಳು: ಬಿ.ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟ. ಪುಟಗಳ ಚಿತ್ರವಿದ್ದರೆ ಸಾಲದು, ಊರಿನ ಹೆಸರು ಹಾಕಿದರೆ ಶಾಸನ ಸಿಗಬೇಕು. ಅದಕ್ಕೆ ಬೇಕು ಓಸಿಆರ್, ಅಂದರೆ ಚಿತ್ರದಲ್ಲಿನ ಅಕ್ಷರಗಳನ್ನು ಓದಿ ಪಠ್ಯವಾಗಿಸುವ ತಂತ್ರಾಂಶ. ದಾರಿ ಎರಡು: ಕೊಳ್ಳುವ ಸೇವೆ ಗೂಗಲ್ ವಿಷನ್, ಇಲ್ಲವೇ ನಮ್ಮ ಪುಟಗಳಿಂದ ಪಳಗಿಸಬಹುದಾದ ಮುಕ್ತ ತಂತ್ರಾಂಶ ಟೆಸೆರಾಕ್ಟ್.

ಇಂಗ್ಲಿಷ್ ಅನುವಾದದ ಪುಟಗಳಿಗೆ ಯೋಚನೆಯೇ ಬೇಡ. ಗೂಗಲ್ ವಿಷನ್‌ನಲ್ಲಿ ತಿಂಗಳಿಗೆ ಮೊದಲ 1000 ಪುಟ ಉಚಿತ, ಆಮೇಲೆ ಸಾವಿರಕ್ಕೆ ಒಂದೂವರೆ ಡಾಲರ್. ಶಾಸನಗಳ ಕನ್ನಡ ಪಾಠದಲ್ಲಿ ಖರ್ಚಾಗುವುದು ತಿದ್ದುವ ಹೊತ್ತು. ಪುಟಕ್ಕೆ 1500 ಅಕ್ಷರ, ನೂರಕ್ಕೆ 5 ತಪ್ಪು ಎಂದರೆ 75 ಕಡೆ ಕೈ ಹಾಕಬೇಕು. ನೂರಕ್ಕೆ 1 ಆದರೆ 15. ಹತ್ತು ಪುಟ ಕೈಯಲ್ಲೇ ಟೈಪ್ ಮಾಡಿ, ಎರಡೂ ಕಡೆಯ ಫಲಿತಾಂಶವನ್ನು ಅದರೊಂದಿಗೆ ತಾಳೆ ನೋಡುವುದು ಮೊದಲ ಕೆಲಸ. ಮಸುಕಾದ ಪುಟಗಳೂ ಆ ಹತ್ತರಲ್ಲಿರಲಿ.

ತೊಡಕು ಹಳಗನ್ನಡದ ಱ, ೞಗಳದ್ದು. ಅಕ್ಷರ ಗುರುತಿಸಲು ಕಲಿತ ಮಾದರಿಯ ಅಕ್ಷರಪಟ್ಟಿಯಲ್ಲಿ ಇಲ್ಲದ ಅಕ್ಷರ, ಚಿತ್ರ ಎಷ್ಟೇ ಸ್ಪಷ್ಟವಿದ್ದರೂ ಹೊರಬರದು. ವಿಷನ್‌ನ ಪಟ್ಟಿಗೆ ನಾವು ಸೇರಿಸುವಂತಿಲ್ಲ, ಟೆಸೆರಾಕ್ಟ್‌ಗೆ ಸೇರಿಸಬಹುದು. ಹಾಗಾಗಿ ಈ ಭಾಗಕ್ಕೆ ಪಳಗಿಸುವುದೇ ಸರಿ. ಸೊನ್ನೆಯಿಂದ ಪ್ರೋಗ್ರಾಂ ಬರೆಯುವ ಹಟ ಮಾತ್ರ ಬೇಡ, 2005ರಿಂದಲೇ ಮುಕ್ತವಾಗಿರುವ ಎಂಜಿನ್ ಕೈಯಲ್ಲಿದೆ.

ಪಳಗಿಸುವ ಕ್ರಮ ಹೀಗೆ: 300 ಡಿಪಿಐ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್, ವಾಲಿದ ಪುಟ ನೆಟ್ಟಗೆ. ಸಾಲು ಸಾಲಾಗಿ ಕತ್ತರಿಸಿ, ಪ್ರತಿ ಚಿತ್ರಕ್ಕೂ ಆ ಸಾಲನ್ನು ಟೈಪ್ ಮಾಡಿದ, ಅದೇ ಹೆಸರಿನ ಪಠ್ಯ ಕಡತ. ಶುರುವಿಗೆ 500 ಸಾಲು ಸಾಕು, ಆದರೆ ೞ ಇರುವ ಸಾಲುಗಳನ್ನು ಹುಡುಕಿ ಹುಡುಕಿ ಸೇರಿಸಬೇಕು. ಹತ್ತರಲ್ಲೊಂದು ಪಾಲು ಪರೀಕ್ಷೆಗೆ ಮೀಸಲು. ಟೆಸೆರಾಕ್ಟ್ ಪಳಗಿಸುವ ಸಾಧನವಾದ ಟೆಸ್‌ಟ್ರೈನ್‌ಗೆ ಆಧಾರವಾಗಿ ಕನ್ನಡದ 'ಬೆಸ್ಟ್' ಮಾದರಿಯನ್ನೇ ಕೊಡಬೇಕು. 'ಫಾಸ್ಟ್' ಮಾದರಿ ವೇಗಕ್ಕಾಗಿ ಒಳಗಿನ ಅಂಕಿಗಳನ್ನು ಪೂರ್ಣಾಂಕಕ್ಕೆ ಇಳಿಸಿದ್ದು, ಅದರ ಮೇಲೆ ತರಬೇತಿ ನಡೆಯದು.

ಕೆಡುವುದು ಹೆಚ್ಚಾಗಿ ಚಿತ್ರ ಸಿದ್ಧಪಡಿಸುವಾಗಲೇ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಬಿಗಿಯಾಗಿ ಕತ್ತರಿಸಿದರೆ 'ಗುಬ್ಬಿ' ಹೋಗಿ 'ಗುಬಿ' ಆಗುತ್ತದೆ. ಕಲೆ ಅಳಿಸುವ ಫಿಲ್ಟರ್ ಮಹಾಪ್ರಾಣದ ಸಣ್ಣ ಗೀಟನ್ನೂ ಅಳಿಸಿ 'ಧ'ವನ್ನು 'ದ' ಮಾಡುತ್ತದೆ.

ಇನ್ನೊಂದು ಟೈಪ್ ಮಾಡುವವರ ಕೈಯಿಂದ ಬರುವುದು: ಅರ್ಕಾವತ್ತಿನ ಬದಲು ಅಂಕಿ ೯, ಅನುಸ್ವಾರದ ಬದಲು ಸೊನ್ನೆ ೦. 'ಧರ್ಮ' ಒಂದು ಕಡತದಲ್ಲಿ ಸರಿಯಾಗಿ, ಇನ್ನೊಂದರಲ್ಲಿ 'ಧಮ೯' ಎಂದಿದ್ದರೆ ಮಾದರಿ ಎರಡನ್ನೂ ಕಲಿಯುತ್ತದೆ. ತರಬೇತಿಗೆ ಮುನ್ನ ಈ ಎರಡು ಅಂಕಿಗಳನ್ನು ಎಲ್ಲ ಕಡತಗಳಲ್ಲಿ ಹುಡುಕಬೇಕು. ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸಿಬಿಡಬಾರದು. ಶಕವರ್ಷದ ಅಂಕಿಗಳೂ ಅದರಲ್ಲೇ ಇರುತ್ತವೆ.