‘ಸ್ಲಾಟರ್ ಆಫ್ ದ ಸೋಲ್’: ರಿಫ್ಫೇ ರಾಗವಾದ 34 ನಿಮಿಷ

ರಾಕ್ ಸಂಗೀತದ ಅತಿ ಬಿರುಸಿನ, ಗುಟುರು ದನಿಯ ಕವಲಾದ ಡೆತ್ ಮೆಟಲ್‌ಗೆ ಒಂದಿಷ್ಟು ಇಂಪು ಬೆರೆಸಿದರೆ ಮೆಲೋಡಿಕ್ ಡೆತ್ ಮೆಟಲ್ ಆಗುತ್ತದೆ ಎಂಬ ತಿಳಿವಳಿಕೆ ಹೇಗೋ ಬೇರೂರಿಬಿಟ್ಟಿದೆ. ಸ್ವೀಡನ್ನಿನ ಅಟ್ ದ ಗೇಟ್ಸ್ ತಂಡದ ಆಲ್ಬಂ ‘ಸ್ಲಾಟರ್ ಆಫ್ ದ ಸೋಲ್’ ಅನ್ನು ಒಮ್ಮೆ ಗಮನವಿಟ್ಟು ಕೇಳಿದರೆ ಸಾಕು, ಆ ಲೆಕ್ಕ ಬುಡಮೇಲಾಗುತ್ತದೆ. ಇದರ ಹಾಡುಗಳ ಮೇಲೆ ಕೀಬೋರ್ಡಿನ ಹೊದಿಕೆಯಿಲ್ಲ. ಇಂಪಾದ ದನಿಯಲ್ಲಿ ಹಾಡಿದ ಪಲ್ಲವಿಯಿಲ್ಲ. ರಾಗ ಇರುವುದೆಲ್ಲ ಗಿಟಾರಿನ ಬಲಗೈ ಬಿರುಸಿನಲ್ಲಿ, ರಿಫ್ಫಿನ (ಮರುಕಳಿಸುವ ಗಿಟಾರ್ ಪಲುಕಿನ) ಒಳಗೇ. ಆಕ್ರೋಶವನ್ನೂ ರಾಗವನ್ನೂ ಒಂದೇ ತಂತಿಯಿಂದ ಹೊರಡಿಸುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಆಲ್ಬಂ ಧ್ವನಿಮುದ್ರಣವಾದದ್ದು 1995ರಲ್ಲಿ, ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸ್ಟುಡಿಯೋ ಫ್ರೆಡ್‌ಮನ್‌ನಲ್ಲಿ. ತಂಡದ ಜೊತೆ ಕೂತು ನಿರ್ಮಾಣ ಮಾಡಿದವರು ಫ್ರೆಡ್ರಿಕ್ ನಾರ್ಡ್‌ಸ್ಟ್ರಾಮ್. ಅದೇ ವರ್ಷದ ನವೆಂಬರ್‌ನಲ್ಲಿ ಇಂಗ್ಲೆಂಡಿನ ಇಯರೇಕ್ ಕಂಪನಿ ಹೊರತಂದಿತು. ಹಾಡಿದ್ದು ಟೋಮಸ್ ಲಿಂಡ್‌ಬರ್ಗ್. ಗಿಟಾರ್‌ಗೆ ಆಂಡರ್ಸ್ ಬ್ಯೋರ್ಲರ್ ಮತ್ತು ಮಾರ್ಟಿನ್ ಲಾರ್ಸನ್. ಬೇಸ್‌ಗೆ ಆಂಡರ್ಸ್‌ರ ಅವಳಿ ಸಹೋದರ ಯೋನಸ್. ಡ್ರಮ್ಸ್‌ಗೆ ಏಡ್ರಿಯನ್ ಅರ್ಲಂಡ್‌ಸನ್. ಒಟ್ಟು 11 ಟ್ರ್ಯಾಕ್, ಅದರಲ್ಲಿ ಎರಡಕ್ಕೆ ಮಾತಿಲ್ಲ. ನಾಲ್ಕು ನಿಮಿಷ ದಾಟುವ ಹಾಡು ಒಂದೂ ಇಲ್ಲ.

ಈ ಚಿಕ್ಕದಾಗಿಸುವ ಹಟ ಎಲ್ಲಿಂದ ಬಂತು ಎಂದು ತಿಳಿಯಲು ತಂಡದ ಹಿಂದಿನ ಕೆಲಸ ನೋಡಬೇಕು. 1992ರ ‘ದ ರೆಡ್ ಇನ್ ದ ಸ್ಕೈ ಈಸ್ ಅವರ್ಸ್’ನಲ್ಲಿ ಪಿಟೀಲು ಇದೆ, ದಿಢೀರನೆ ತಿರುಗುವ ತಾಳಗಳಿವೆ, ಒಂದು ರಿಫ್ ಕಿವಿಗೆ ಕೂರುವ ಮೊದಲೇ ಮುಂದಿನದು ಬಂದಿರುತ್ತದೆ. ಆ ಕಾಲದ ಗಿಟಾರ್ ವಾದಕ ಆಲ್ಫ್ ಸ್ವೆನ್ಸನ್ ಅವರ ಕಲ್ಪನೆಯ ಪಾಲು ಅದರಲ್ಲಿ ದೊಡ್ಡದು. 1993ರ ಎರಡನೆಯ ಆಲ್ಬಂ ಆದಮೇಲೆ ಅವರು ತಂಡ ಬಿಟ್ಟರು, ಲಾರ್ಸನ್ ಸೇರಿದರು. 1994ರ ‘ಟರ್ಮಿನಲ್ ಸ್ಪಿರಿಟ್ ಡಿಸೀಸ್’ನಲ್ಲೇ ಹಾಡುಗಳು ನೆಟ್ಟಗಾಗತೊಡಗಿದ್ದವು. 1995ರ ಹೊತ್ತಿಗೆ ಬೇಡದ್ದನ್ನೆಲ್ಲ ಕತ್ತರಿಸಿ ಹಾಕಿದ್ದರು. ಹಳೆಯ ಆಲ್ಬಂಗಳೇ ಮೇಲು ಎನ್ನುವ ಅಭಿಮಾನಿಗಳು ಇಂದಿಗೂ ಇದ್ದಾರೆ, ಅವರ ವಾದದಲ್ಲಿ ತೂಕವಿದೆ. ಆದರೆ ಹತ್ತು ರಿಫ್ ಬರೆಯಬಲ್ಲವರು ನಾಲ್ಕನ್ನೇ ಉಳಿಸಿಕೊಳ್ಳುವುದು ಇನ್ನೂ ಕಷ್ಟದ ಕೆಲಸ, ಅದನ್ನು ಇಲ್ಲಿ ಮಾಡಿದ್ದಾರೆ.

ಡ್ರಮ್ಸ್‌ನಿಂದ ಶುರುಮಾಡೋಣ. ಈ ಆಲ್ಬಂನ ಗುಟ್ಟು ಗಿಟಾರಿಗಿಂತ ಹೆಚ್ಚಾಗಿ ಅಲ್ಲಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಮೆರಿಕದ ಡೆತ್ ಮೆಟಲ್ ಆಗ ಬ್ಲಾಸ್ಟ್ ಬೀಟ್ ಮೇಲೆ, ಅಂದರೆ ಸ್ನೇರ್ ಎಂಬ ಚುರುಕು ಸದ್ದಿನ ಡ್ರಮ್ಮನ್ನು ಬಿಡುವಿಲ್ಲದೆ ಅತಿವೇಗವಾಗಿ ಬಡಿಯುವ ತಾಳದ ಮೇಲೆ, ಓಡುತ್ತಿತ್ತು. ಅರ್ಲಂಡ್‌ಸನ್ ನೆಚ್ಚಿಕೊಂಡಿದ್ದು ಥ್ರ್ಯಾಶ್ (ವೇಗದ ಮೆಟಲ್) ಮತ್ತು ಹಾರ್ಡ್‌ಕೋರ್ ಪಂಕ್‌ನಿಂದ (ಒರಟು, ವೇಗದ ಪಂಕ್ ರಾಕ್) ಬಂದ ಸರಳ ಬಡಿತವನ್ನು: ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್), ಸ್ನೇರ್, ಕಿಕ್, ಸ್ನೇರ್. ತಾಳದ ಒಂದು ಎಣಿಕೆಯೊಳಗೆ (ಕ್ವಾರ್ಟರ್ ನೋಟ್) ಒಂದು ಕಿಕ್ ಒಂದು ಸ್ನೇರ್ ಬೀಳುತ್ತದೆ; ಅಷ್ಟೇ ಹೊತ್ತಿನಲ್ಲಿ ಗಿಟಾರಿನ ಟ್ರೆಮೊಲೋ ಪಿಕಿಂಗ್ (ತಂತಿಯನ್ನು ಮೇಲೆ ಕೆಳಗೆ ಬಿಡುವಿಲ್ಲದೆ ಬೇಗ ಬೇಗ ಮೀಟುವುದು) ನಾಲ್ಕು ಸಲ ತಂತಿ ಮುಟ್ಟುತ್ತದೆ. ಅಂದರೆ ಪ್ರತಿ ಡ್ರಮ್ ಪೆಟ್ಟಿಗೆ ಎರಡು ಪಿಕ್. ಸ್ನೇರ್‌ಗಳ ನಡುವೆ ಉಸಿರಾಡಲು ಜಾಗ ಸಿಗುವುದರಿಂದ ರಿಫ್ಫಿನ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಇದೇ ರಿಫ್ಫನ್ನು ಬ್ಲಾಸ್ಟ್ ಬೀಟ್ ಮೇಲೆ ಇಟ್ಟುನೋಡಿ, ಸ್ನೇರಿನ ಒಂದೇ ಸಮನೆಯ ಸದ್ದು ರಾಗದ ತಿರುವುಗಳನ್ನು ನುಂಗಿಬಿಡುತ್ತದೆ. ಪಂಕ್ ನಂಟು ನನ್ನ ಊಹೆಯಲ್ಲ. ಲಿಂಡ್‌ಬರ್ಗ್ ಮತ್ತು ಅರ್ಲಂಡ್‌ಸನ್ ಇಬ್ಬರೂ 1994ರಲ್ಲಿ ಹುಟ್ಟಿದ ಸ್ಕಿಟ್‌ಸಿಸ್ಟೆಮ್ ಎಂಬ ಕ್ರಸ್ಟ್ ಪಂಕ್ ತಂಡದಲ್ಲೂ ಇದ್ದರು. 2002ರ ಮರುಬಿಡುಗಡೆಗೆ ಸೇರಿಸಿದ ಹೆಚ್ಚುವರಿ ಹಾಡುಗಳಲ್ಲಿ ಅಮೆರಿಕದ ಥ್ರ್ಯಾಶ್ ತಂಡ ಸ್ಲೇಯರ್‌ನ ‘ಕ್ಯಾಪ್ಟರ್ ಆಫ್ ಸಿನ್’ ಜೊತೆಗೆ ಸ್ವೀಡಿಷ್ ಹಾರ್ಡ್‌ಕೋರ್ ತಂಡ ನೋ ಸೆಕ್ಯುರಿಟಿಯ ಹಾಡೂ ಇದೆ. ಆಲ್ಬಂನ ತಂದೆ ತಾಯಿ ಯಾರು ಎಂದು ಆ ಎರಡು ಹಾಡುಗಳೇ ಹೇಳುತ್ತವೆ.

ಇನ್ನು ರಾಗ. ಕರ್ನಾಟಕ ಸಂಗೀತ ಒಂದಿಷ್ಟು ಕಲಿತವರಿಗೆ ಇದನ್ನು ವಿವರಿಸುವುದು ಸುಲಭ. ಈ ಶೈಲಿಯ ಬೆನ್ನೆಲುಬಾದ ನ್ಯಾಚುರಲ್ ಮೈನರ್ ಸ್ವರಶ್ರೇಣಿ ನಮ್ಮ 20ನೇ ಮೇಳ ನಠಭೈರವಿಯ ಸ್ವರಗಳೇ. ಅದರ ನಿಷಾದವನ್ನು ಅರ್ಧ ಸ್ವರ ಏರಿಸಿದರೆ 21ನೇ ಮೇಳ ಕೀರವಾಣಿ, ಪಾಶ್ಚಾತ್ಯರ ಹಾರ್ಮೋನಿಕ್ ಮೈನರ್. ಗೋಥೆನ್‌ಬರ್ಗ್‌ನ ಹುಡುಗರಿಗೆ ಇದು ಬಂದದ್ದು ಐರನ್ ಮೇಡನ್‌ನಂಥ ಹೆವಿ ಮೆಟಲ್ ತಂಡಗಳ ಜೋಡಿ ಗಿಟಾರಿನಿಂದ, ಸ್ವೀಡನ್ನಿನ ಜಾನಪದ ಧಾಟಿಗಳಿಂದ. ಕಿವಿಗೆ ಮಾತ್ರ ಸ್ವರ ಸ್ವರವೇ. ಸಾಧಾರಣ ಡೆತ್ ಮೆಟಲ್ ಶ್ರುತಿಯ ಹಿಡಿತದಿಂದ ಬೇಕೆಂದೇ ತಪ್ಪಿಸಿಕೊಳ್ಳುತ್ತದೆ. ಇಲ್ಲಿ ಷಡ್ಜ ಎಲ್ಲಿದೆ ಎಂಬುದು ಸದಾ ಸ್ಪಷ್ಟ. ಹಾಗಾಗಿಯೇ ಎರಡನೇ ಸಲ ಕೇಳುವಷ್ಟರಲ್ಲಿ ರಿಫ್ ಬಾಯಿಗೆ ಬರುತ್ತದೆ.

ಜೋಡಿ ಗಿಟಾರ್ ಹಾರ್ಮೋನಿಯಲ್ಲಿ ಹೊಸ ತಂಡಗಳು ಎಡವುವ ಜಾಗ ಒಂದಿದೆ, ಅದನ್ನು ಬಿಡಿಸಿ ಹೇಳುತ್ತೇನೆ. ಒಬ್ಬರು ‘ಸ’ ಹಿಡಿದಾಗ ಇನ್ನೊಬ್ಬರು ‘ಗ’, ‘ರಿ’ಗೆ ‘ಮ’, ‘ಗ’ಗೆ ‘ಪ’ ಹೀಗೆ ಸಾಗುವುದು ಮೂರನೆಯ ಸ್ವರದ ಹಾರ್ಮೋನಿ. ಮೈನರ್‌ನಲ್ಲಿ ಸ–ಗ ನಡುವೆ 3 ಅರ್ಧಸ್ವರ, ರಿ–ಮ ನಡುವೆಯೂ 3, ಆದರೆ ಗ–ಪ ನಡುವೆ 4. ಮತ್ತೆ ಮ–ಧ 3, ಪ–ನಿ 3, ಧ–ಸ 4, ನಿ–ರಿ 4. ಪೆಡಲ್‌ನಲ್ಲೋ ಸಾಫ್ಟ್‌ವೇರ್‌ನಲ್ಲೋ ‘+3’ ಎಂದು ಹಾಕಿ ಬಿಟ್ಟರೆ ಏಳರಲ್ಲಿ ಮೂರು ಸ್ವರ ಸ್ವರಶ್ರೇಣಿಯಿಂದ ಆಚೆ ಬೀಳುತ್ತವೆ. ಕೇಳುವವರಿಗೆ ಏನೋ ಕಸಿವಿಸಿ, ಯಾಕೆ ಎಂದು ಹೇಳಲಾಗದು. ಎರಡನೇ ಗಿಟಾರಿಗೆ ಆಯಾ ಸ್ವರಶ್ರೇಣಿಯಲ್ಲೇ ಬೆರಳು ಕೂರಿಸಿಕೊಂಡು ನುಡಿಸುವುದೊಂದೇ ದಾರಿ.

ದನಿಯ ವಿಷಯ. ಸ್ಟಾಕ್‌ಹೋಮ್‌ನ ಸನ್‌ಲೈಟ್ ಸ್ಟುಡಿಯೋದಲ್ಲಿ ಎಂಟೂಮ್ಡ್ ತಂಡ 1990ರ ಹೊತ್ತಿಗೆ ಕಂಡುಕೊಂಡದ್ದು ಬಾಸ್ ಕಂಪನಿಯ ಎಚ್‌ಎಂ-2 ಎಂಬ, ಗಿಟಾರಿನ ದನಿಯನ್ನು ಒರಟಾಗಿಸುವ ಪೆಡಲಿನ ನಾಲ್ಕೂ ಗುಂಡಿಗಳನ್ನು ಪೂರ್ತಿ ತಿರುಗಿಸಿ ಬರಿಸುವ ಗರಗಸದ ಸದ್ದು. ಎರಡು ಮೂರು ತಂತಿ ಒಟ್ಟಿಗೆ ಮೀಟುವ ದಪ್ಪ ಪವರ್ ಕಾರ್ಡ್‌ಗೆ ಅದು ಅದ್ಭುತ. ಅದೇ ಸೆಟ್ಟಿಂಗ್‌ನಲ್ಲಿ ಒಂಟಿ ತಂತಿಯ ವೇಗದ ರಾಗ ನುಡಿಸಿದರೆ ಸ್ವರದ ತುದಿಗಳೆಲ್ಲ ಕರಗಿ ಒಂದೇ ಗುಂಯ್ ಎನ್ನುವ ಸದ್ದು ಉಳಿಯುತ್ತದೆ. ‘ಸ್ಲಾಟರ್’ನ ಗಿಟಾರ್ ಅಷ್ಟೇ ಒರಟು, ಆದರೆ ಬಿಗಿ. ಮನೆಯಲ್ಲಿ ಹತ್ತಿರ ಹೋಗಬೇಕಿದ್ದರೆ ಎಚ್‌ಎಂ-2 ಬಗೆಯ ಪೆಡಲಿನಲ್ಲಿ ‘ಡಿಸ್ಟ್’ ಗುಂಡಿಯನ್ನು ಅರ್ಧಕ್ಕಿಂತ ಕೆಳಗಿಡಿ, ‘ಕಲರ್ ಮಿಕ್ಸ್’ನ ‘ಹೈ’ ಗುಂಡಿಯನ್ನು ಮೇಲಿಡಿ, ಉಳಿದ ಒರಟು (ಗೇನ್) ಆಂಪ್‌ನಿಂದ ಬರಲಿ. ಆ ‘ಹೈ’ ಗುಂಡಿ ಎತ್ತುವುದು ಸುಮಾರು 1 ಕಿಲೋಹರ್ಟ್ಸ್ ಆಸುಪಾಸಿನ ಮಿಡ್ (ನಡುವಣ ಕಂಪನಾಂಕ) ಅನ್ನು, ಗಿಟಾರಿನ ಸ್ವರ ಎದ್ದು ಕೇಳಲು ಅದು ಬೇಕು. ಮಿಡ್ ತೆಗೆದುಹಾಕಿ ಬೇಸ್ ಮತ್ತು ಟ್ರೆಬಲ್ ಏರಿಸುವ ಚಟವಿರುವವರು ರೂಮಿನಲ್ಲಿ ಒಬ್ಬರೇ ನುಡಿಸಿದಾಗ ಖುಷಿಪಡುತ್ತಾರೆ, ಡ್ರಮ್ಸ್ ಸೇರಿದ ಕೂಡಲೇ ಕಾಣೆಯಾಗುತ್ತಾರೆ.

ತಂತಿಯ ದಪ್ಪವೂ ಮುಖ್ಯ. ಮಾಮೂಲಿ ಶ್ರುತಿಗಿಂತ ನಾಲ್ಕು ಅರ್ಧಸ್ವರ ಇಳಿಸಿದ ಗಿಟಾರಿಗೆ 10–46 ಸೆಟ್ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಭಾಗಗಳಲ್ಲಿ) ಹಾಕಿದರೆ ಕೆಳಗಿನ ತಂತಿ ಜೋಲು ಬೀಳುತ್ತದೆ. ಜೋರಾಗಿ ಪಿಕ್ ಮಾಡಿದಾಗ ಅದು ಮೊದಲು ಶ್ರುತಿಗಿಂತ ಮೇಲೆ ಹಾರಿ, ಆಮೇಲೆ ಜಾಗಕ್ಕೆ ಬರುತ್ತದೆ. ಒಂಟಿ ಗಿಟಾರಿನಲ್ಲಿ ಇದು ಗೊತ್ತಾಗುವುದಿಲ್ಲ. ಎರಡು ಗಿಟಾರ್ ಹಾರ್ಮೋನಿ ಹಿಡಿದಾಗ ಇಬ್ಬರೂ ಬೇರೆ ಬೇರೆ ಅಳತೆಯಲ್ಲಿ ಹಾರುವುದರಿಂದ ಶ್ರುತಿ ಕೆಟ್ಟಂತೆ ಕೇಳುತ್ತದೆ. 11–54 ಅಥವಾ 12–56 ಹಾಕಿ, ನಂತರ ನೆಕ್ ಮತ್ತು ಇಂಟೊನೇಷನ್ (ಎಲ್ಲ ಮನೆಗಳಲ್ಲೂ ಶ್ರುತಿ ಕೂಡುವಂತಿರುವುದು) ಸರಿಮಾಡಿಸಿ. ನಾಯ್ಸ್ ಗೇಟ್ (ಸಣ್ಣ ಸದ್ದನ್ನು ತಾನೇ ಮುಚ್ಚಿಬಿಡುವ ಸಾಧನ) ಬಳಸುವವರು ಅದನ್ನು ಹದದಲ್ಲಿಡಬೇಕು: ಶೀರ್ಷಿಕೆ ಗೀತೆಯ ಕಡಿತಗಳಿಗೆ ಅದು ಬೇಕೇ ಬೇಕು, ಆದರೆ ಹೆಚ್ಚಾದರೆ ಎಳೆದು ನಿಲ್ಲಿಸಿದ ಸ್ವರಗಳ ಬಾಲವನ್ನೂ ಕತ್ತರಿಸುತ್ತದೆ.

ಅಭ್ಯಾಸಕ್ಕೆ ತಾಳ ಎಣಿಸುವ ಮೆಟ್ರೊನೋಮ್ ಇಟ್ಟು ನಿಮಿಷಕ್ಕೆ 140 ಟಿಕ್‌ನಲ್ಲಿ ಶುರುಮಾಡಿ, ಒಂದು ಟಿಕ್‌ಗೆ ನಾಲ್ಕು ಪಿಕ್. ಮುಂಗೈ ಬಿಗಿಯದೆ ಎರಡು ನಿಮಿಷ ನಡೆದರೆ ಮಾತ್ರ ಐದೈದೇ ಏರಿಸಿ. ಮೊಣಕೈಯಿಂದ ಅಲುಗಾಡಿಸುವವರಿಗೆ ವೇಗ ಬರುತ್ತದೆ, ಆದರೆ ತಂತಿ ಬದಲಿಸುವ ಜಾಗದಲ್ಲಿ ಮುಗ್ಗರಿಸುತ್ತಾರೆ. ಮಣಿಕಟ್ಟಿನಿಂದ ಬರುವ ಸಣ್ಣ ಚಲನೆಯೇ ಬಾಳಿಕೆ ಬರುವುದು.

ಈಗ ಹಾಡುಗಳು, ಎಲ್ಲವನ್ನೂ ಹೇಳುವುದಿಲ್ಲ. ‘ಬ್ಲೈಂಡೆಡ್ ಬೈ ಫಿಯರ್’ ಯಂತ್ರದಂಥ ಸದ್ದು ಮತ್ತು ಒಂದು ಮಾತಿನೊಂದಿಗೆ ತೆರೆದುಕೊಳ್ಳುತ್ತದೆ. ಅದನ್ನು ಹಾರಿಸಿ ರಿಫ್‌ಗೆ ಹೋಗುವವರು ಅರ್ಧ ಸುಖ ಕಳೆದುಕೊಳ್ಳುತ್ತಾರೆ, ಯಾಕೆಂದರೆ ಗಿಟಾರ್ ಬಡಿಯುವ ಮೊದಲು ಕಿವಿ ಆ ಸಣ್ಣ ಸದ್ದಿಗೆ ಹೊಂದಿಕೊಂಡಿರಬೇಕು. ಶೀರ್ಷಿಕೆ ಗೀತೆಯಲ್ಲಿ ಆರಂಭದ ರಿಫ್ ಆದಮೇಲೆ ಲಿಂಡ್‌ಬರ್ಗ್ ‘ಗೋ!’ ಎಂದು ಕೂಗುವ ಆ ಒಂದು ಅಕ್ಷರ ಈ ಪ್ರಕಾರದಲ್ಲೇ ಅತಿ ಹೆಚ್ಚು ಅನುಕರಣೆಗೊಂಡ ಕೂಗು ಎನ್ನಬಹುದು. ಅನುಕರಿಸುವವರು ಕೂಗನ್ನು ಹಿಡಿಯುತ್ತಾರೆ, ಅದರ ಸುತ್ತ ಬಿಟ್ಟ ಖಾಲಿ ಜಾಗವನ್ನು ಬಿಡುತ್ತಾರೆ.

‘ಕೋಲ್ಡ್’ನ ಸೋಲೋ ನುಡಿಸಿದ್ದು ಅತಿಥಿ: ಕಿಂಗ್ ಡೈಮಂಡ್ ತಂಡದ ಆಂಡಿ ಲರಾಕ್, ಅವರೂ ಗೋಥೆನ್‌ಬರ್ಗ್‌ನವರೇ. ಆಲ್ಬಂನ ಉಳಿದೆಡೆ ರಾಗವನ್ನೆಲ್ಲ ರಿಫ್ಫೇ ಹೊತ್ತಿರುವುದರಿಂದ ಸೋಲೋಗೆ ಹೆಚ್ಚು ಕೆಲಸವಿಲ್ಲ. ಇಲ್ಲಿ ಮಾತ್ರ ಸೋಲೋ ಹಾಡಿನ ಶಿಖರ. ಓಡುವ ಸ್ವರಗಳ ನಡುವೆ ಅವರು ಎಲ್ಲಿ ತಂತಿ ಬಗ್ಗಿಸಿ ನಿಲ್ಲುತ್ತಾರೆ ಎಂಬುದನ್ನು ಗಮನಿಸಿ. ಆ ನಿಲುಗಡೆಗಳಿಂದಲೇ ಅದನ್ನು ಹಾಡಿಕೊಳ್ಳಲು ಬರುತ್ತದೆ. ನಾಲ್ಕು ಹಾಡುಗಳ ಬಿರುಸಾದಮೇಲೆ ಐದನೆಯದಾಗಿ ‘ಇಂಟು ದ ಡೆಡ್ ಸ್ಕೈ’ ಬರುತ್ತದೆ, ಅಕೂಸ್ಟಿಕ್ ಗಿಟಾರಿನ ಎರಡು ನಿಮಿಷ. ಅದರ ಬೆನ್ನಿಗೇ ಬಂದೂಕಿನ ಸದ್ದಿನೊಂದಿಗೆ ‘ಸೂಯಿಸೈಡ್ ನೇಶನ್’. ಶಫಲ್ ಹಾಕಿ ಕೇಳಿದರೆ ಈ ಜೋಡಣೆಯೇ ಹಾಳು. ‘ನಾಸಿಯಾ’ ಎರಡೂವರೆ ನಿಮಿಷದೊಳಗೆ ಮುಗಿಯುವ ಅಪ್ಪಟ ಥ್ರ್ಯಾಶ್. ಕೊನೆಯ ‘ದ ಫ್ಲೇಮ್ಸ್ ಆಫ್ ದಿ ಎಂಡ್’ ವಾದ್ಯ ಮಾತ್ರದ್ದು, ಎಲೆಕ್ಟ್ರಾನಿಕ್ ಸದ್ದಿನದು. ಬೇಡವಾಗಿತ್ತು ಎನ್ನುವವರು ಅನೇಕರು. ನನಗೆ ಅದು ಬೇಕು. ಅದರ ಹಿಂದಿನ ಹಾಡು ‘ನೀಡ್’ ಆದ ಕೂಡಲೇ ಮೌನಕ್ಕೆ ಬಿದ್ದರೆ ಅಷ್ಟು ಹೊತ್ತಿನ ಒತ್ತಡ ಇಳಿಯಲು ಜಾಗವಿರುವುದಿಲ್ಲ.

ಲಿಂಡ್‌ಬರ್ಗ್‌ರ ದನಿ ಡೆತ್ ಮೆಟಲ್‌ನ ಹೊಟ್ಟೆಯಾಳದ ಗುಟುರಲ್ಲ. ಮೇಲಿನ ಸ್ಥಾಯಿಯ, ಹರಿದು ಬರುವ ಕಿರುಚು. ಮಾತು ಮಾತ್ರ ಬಹುಪಾಲು ತಿಳಿಯುತ್ತದೆ. ಗಿಟಾರ್ ಕೆಳಗಿನ ಶ್ರುತಿಯಲ್ಲಿರುವಾಗ ಗುಟುರು ಹಾಕಿದ್ದರೆ ಎರಡೂ ಒಂದೇ ಜಾಗಕ್ಕೆ ಗುದ್ದಾಡುತ್ತಿದ್ದವು. ದನಿ ಮೇಲಿದ್ದುದರಿಂದ ಮಿಕ್ಸ್‌ನಲ್ಲಿ ಎರಡಕ್ಕೂ ಜಾಗ ಸಿಕ್ಕಿದೆ. ಅವರು 2025ರ ಸೆಪ್ಟೆಂಬರ್ 16ರಂದು, 52ನೇ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು. ಈ ಹಾಡುಗಳನ್ನು ಬರೆದಾಗ ಅವರಿಗೆ 22–23. ಆ ವಯಸ್ಸಿನ ಸಿಟ್ಟು, ಹತಾಶೆಗಳನ್ನು ರಕ್ತಪಾತದ ಚಿತ್ರಗಳ ಹಿಂದೆ ಬಚ್ಚಿಡದೆ ನೇರವಾಗಿ ಹೇಳಿದ್ದು ಆಗಿನ ಡೆತ್ ಮೆಟಲ್‌ನಲ್ಲಿ ಅಪರೂಪ.

ಆಲ್ಬಂ ಬಂದ ಮರುವರ್ಷವೇ ತಂಡ ಒಡೆಯಿತು. ಬ್ಯೋರ್ಲರ್ ಸಹೋದರರೂ ಅರ್ಲಂಡ್‌ಸನ್‌ರೂ ದ ಹಾಂಟೆಡ್ ಎಂಬ ತಂಡ ಕಟ್ಟಿದರು. ಅತ್ತ ಅಮೆರಿಕದಲ್ಲಿ ಒಂದಿಡೀ ಪೀಳಿಗೆ ಈ ರಿಫ್‌ಗಳನ್ನು ಅರೆದು ಕುಡಿಯಿತು. ಡಾರ್ಕೆಸ್ಟ್ ಅವರ್ ತಂಡವಂತೂ 2003ರ ಆಲ್ಬಂಗಾಗಿ ಸ್ಟುಡಿಯೋ ಫ್ರೆಡ್‌ಮನ್‌ಗೇ ಹೋಯಿತು. ದ ಬ್ಲ್ಯಾಕ್ ಡಾಲಿಯಾ ಮರ್ಡರ್ ತಂಡ ಇದನ್ನು ಪ್ರೀತಿಯಿಂದ ಮುಂದುವರಿಸಿತು. ಮೆಟಲ್ ಮತ್ತು ಹಾರ್ಡ್‌ಕೋರ್ ಬೆರೆತ ಮೆಟಲ್‌ಕೋರ್‌ನ ಬಹುತೇಕರು ಮಾತ್ರ ರಿಫ್ಫನ್ನು ತೆಗೆದುಕೊಂಡು, ಪಂಕ್ ಬಡಿತವನ್ನು ಬಿಟ್ಟು, ಆ ಜಾಗಕ್ಕೆ ವೇಗ ತಗ್ಗಿಸಿ ಭಾರವಾಗಿ ಬಡಿಯುವ ಬ್ರೇಕ್‌ಡೌನ್ ಮತ್ತು ಇಂಪಾದ ಪಲ್ಲವಿ ತಂದಿಟ್ಟರು. ಅಂಥ ಹಾಡುಗಳು ಎರಡು ಸಲಕ್ಕೆ ಹಳಸುವುದು ಅದಕ್ಕೇ: ಓಟ ನಿಂತಲ್ಲಿ ರಾಗಕ್ಕೆ ಆಧಾರವಿರುವುದಿಲ್ಲ.

ಕೇಳುವಾಗ ಹೆಡ್‌ಫೋನ್ ಇರಲಿ, ಬೇಸ್ ಬೂಸ್ಟ್ ಆಫ್ ಇರಲಿ. ಒಮ್ಮೆ ಎಡಗಿವಿಯದನ್ನು ತೆಗೆದು ಬಲದ ಗಿಟಾರ್ ಮಾತ್ರ, ಇನ್ನೊಮ್ಮೆ ಎಡದ್ದು ಮಾತ್ರ ಕೇಳಿ. ಹಾರ್ಮೋನಿ ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ಮತ್ತೆ ಕೂಡುತ್ತದೆ ಎಂಬುದು ಆಗ ಬಿಡಿಬಿಡಿಯಾಗಿ ಸಿಗುತ್ತದೆ. ರೆಕಾರ್ಡ್ ಪ್ಲೇಯರ್ ಇರುವವರು ಇಯರೇಕ್‌ನ ‘ಫುಲ್ ಡೈನಾಮಿಕ್ ರೇಂಜ್’ ಮುದ್ರಣ ಹುಡುಕಬಹುದು, ಅದರಲ್ಲಿ ಸ್ನೇರಿನ ಪೆಟ್ಟಿಗೆ ಏಳಲು ಜಾಗ ಹೆಚ್ಚು.

ಇದಾದ ಮೇಲೆ ಏನು ಎಂದು ಕೇಳುವವರಿಗೆ: ಅದೇ ಸ್ಟುಡಿಯೋದಲ್ಲಿ ತಯಾರಾದ ಡಾರ್ಕ್ ಟ್ರಾಂಕ್ವಿಲಿಟಿಯ ‘ದ ಗ್ಯಾಲರಿ’ (1995), ಇನ್ ಫ್ಲೇಮ್ಸ್‌ನ ‘ದ ಜೆಸ್ಟರ್ ರೇಸ್’ (1996). ಮೊದಲನೆಯದರಲ್ಲಿ ರಾಗಗಳು ಹೆಣೆದುಕೊಂಡಿವೆ, ಎರಡನೆಯದರಲ್ಲಿ ಐರನ್ ಮೇಡನ್ ನೆರಳು ಇನ್ನೂ ದಟ್ಟ. ಅಟ್ ದ ಗೇಟ್ಸ್ ಮತ್ತೆ ಸೇರಿ 2014ರಲ್ಲಿ ತಂದ ‘ಅಟ್ ವಾರ್ ವಿತ್ ರಿಯಾಲಿಟಿ’ಯನ್ನು ಆಮೇಲೆ ಕೇಳಿ. 1992ರ ಮೊದಲ ಆಲ್ಬಂ ಕೊನೆಗಿರಲಿ. ಅದಕ್ಕೆ ತಾಳ್ಮೆ ಬೇಕು, ಮೂರು ನಾಲ್ಕು ಸಲ ಕೇಳಿದ ಮೇಲಷ್ಟೇ ಆ ಪಿಟೀಲು ಯಾಕಿದೆ ಎಂದು ಹೊಳೆಯುತ್ತದೆ.